ಹೊಂಬಾಳಮ್ಮನ ಮತ

ನಮ್ಮೂರಿನಲ್ಲಿ ಯಾರೂ ತಮ್ಮ ಮತವನ್ನು ತಾವೇ ಹಾಕುವುದಿಲ್ಲ. ಮತದಾನ ಎಂದ ಮೇಲೆ ಅದು ದಾನ, ತನಗೆ ತಾನೇ ದಾನ ಮಾಡಿಕೊಳ್ಳುವುದುಂಟೇ ಎಂದು ಹಿಂದಿನವರು ಕೇಳುತ್ತಿದ್ದರಂತೆ. ಹಾಗಾಗಿ ಚುನಾವಣೆಗೆ ಹತ್ತು ದಿನ ಇರುವಾಗ ಪ್ರತಿ ಮನೆಯ ಹಿಟ್ಟಿನ ಡಬ್ಬಿಯಲ್ಲಿ ಚೀಟಿಗಳು ಸಿಗುತ್ತವೆ. ಮನೆಯಲ್ಲಿ ಮತದ ವಯಸ್ಸಿನವರು ಎಷ್ಟು ಮಂದಿಯೋ ಅಷ್ಟು ಚೀಟಿ. ಒಂದು ಮಗ್ಗುಲಲ್ಲಿ ನಮ್ಮ ಹೆಸರು, ಇನ್ನೊಂದು ಮಗ್ಗುಲಲ್ಲಿ ಊರಿನ ಬೇರೆ ಯಾರದೋ ಹೆಸರು. ಅವರ ಮತ ನಮ್ಮ ಕೈಯಲ್ಲಿ, ನಮ್ಮದು ಇನ್ನಾರ ಕೈಯಲ್ಲೋ. ಚೀಟಿ ಸಿಕ್ಕವರು ಆ ಮನುಷ್ಯರ ಹತ್ತಿರ ಹೋಗಬೇಕು, ಕೂರಬೇಕು, ಕೊಟ್ಟದ್ದನ್ನು ತಿನ್ನಬೇಕು, ನಿಮಗೆ ಏನು ಬೇಕು ಎಂದು ಕೇಳಬೇಕು. ಆಮೇಲೆ ಅವರ ಒಳಿತು ಯಾವುದೆಂದು ನಮಗೆ ತೋರುತ್ತದೋ ಆ ಹೆಸರನ್ನು ಬರೆದು ಪೆಟ್ಟಿಗೆಗೆ ಹಾಕಬೇಕು. ಯಾರಿಗೆ ಹಾಕಲಿ ಎಂದು ಮಾತ್ರ ಕೇಳಬಾರದು. ಕೇಳಿದರೆ ಯಾರೂ ಜೈಲಿಗೆ ಹಾಕುವುದಿಲ್ಲ. ಆದರೆ ಊಟಕ್ಕೆ ಕರೆದವರ ಮನೆಯಲ್ಲಿ ಪಾತ್ರೆಯ ಮುಚ್ಚಳ ತೆಗೆದು ನೋಡಿದ ಹಾಗೆ, ಅದು ಚೆನ್ನಾಗಿರುವುದಿಲ್ಲ.

ಈ ಸಲ ಚೀಟಿಗಳನ್ನು ಕಂಡವಳು ನನ್ನ ಒಂಬತ್ತು ವರ್ಷದ ಮಗಳು ಎಸ್ತೇರ್. ರಾಗಿ ಹಿಟ್ಟಿನ ಡಬ್ಬಿಗೆ ಮೊಣಕೈಯವರೆಗೆ ಕೈ ಇಳಿಸಿ ಮೂರು ಚೀಟಿ ಎಳೆದು, ಮೂಗಿನ ಮೇಲೆಲ್ಲ ಹಿಟ್ಟು ಮಾಡಿಕೊಂಡು ಓದಿದಳು. ನಮ್ಮ ಯಜಮಾನರಿಗೆ ಬಂದದ್ದು ಮೂರನೇ ತರಗತಿಯಲ್ಲಿ ಇವರ ಕಿವಿ ಹಿಂಡಿದ್ದ ಮೇಷ್ಟ್ರ ಚೀಟಿ. ನಮ್ಮ ಅತ್ತೆ ಮಾರ್ತಮ್ಮನವರಿಗೆ ಹಿಂದಿನ ಬೀದಿಯ ಹೊಸ ಸೊಸೆಯೊಬ್ಬಳದು. ಆ ಹುಡುಗಿಗೆ ಬೇಕಾದದ್ದು ಅತ್ತೆಯಿಂದ ಬೇರೆ ಮನೆ ಎಂದು ಊರಿಗೆಲ್ಲ ಗೊತ್ತು. ನಮ್ಮತ್ತೆ ಚೀಟಿ ನೋಡಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. "ಅಮ್ಮಾ, ನಿಂಗೆ ಸೊಪ್ಪಿನ ಅಜ್ಜಿ ಬಂದಿದಾರೆ!" ಎಂದು ಎಸ್ತು ಕೂಗಿದಳು. ನನ್ನ ಚೀಟಿಯ ಮೇಲೆ ಹೊಂಬಾಳಮ್ಮ ಎಂದಿತ್ತು.

ನಾನು ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಒಲೆಯ ಕಡೆ ತಿರುಗಿದೆ. ಯಾಕೆಂದರೆ ಈ ಸಲ ಊರ ಅಧ್ಯಕ್ಷರ ಸ್ಥಾನಕ್ಕೆ ನಿಂತವರಲ್ಲಿ ಒಬ್ಬ ನನ್ನ ಸ್ವಂತ ಅಣ್ಣ, ಸ್ವಾಮಿದಾಸ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು, ನಮ್ಮ ಚರ್ಚಿನ ಸಭೆಯ ಹಿರಿಯ, ಗಾಯನ ತಂಡದಲ್ಲಿ ಕೆಳದನಿ ಹಾಡುವವನು. ನಮ್ಮ ಜನರಲ್ಲಿ ಅಧ್ಯಕ್ಷಗಿರಿಗೆ ನಿಂತ ಮೊದಲನೆಯವನು. ಅವನ ಎದುರಾಳಿ, ಹತ್ತು ವರ್ಷದಿಂದ ಅಧ್ಯಕ್ಷರಾಗಿರುವ ಸೈಕಲ್ ಅಂಗಡಿಯ ಮಾದಪ್ಪಶೆಟ್ಟರು. ಶೆಟ್ಟರು ಏನೂ ಮಾಡುತ್ತೇನೆಂದು ಹೇಳಿರಲಿಲ್ಲ. ಇದ್ದದ್ದು ಇದ್ದ ಹಾಗೇ ಇರಲಿ ಎನ್ನುವುದೇ ಅವರ ಭಾಷಣ. ನನ್ನಣ್ಣ ಮಾಡುತ್ತೇನೆ ಎಂದದ್ದರಲ್ಲಿ ಮೊದಲನೆಯದು ಚರ್ಚಿನ ಗೇಟಿನ ಮುಂದೆ ಸೊಪ್ಪು ತರಕಾರಿ ಮಾರುವವರನ್ನು ಊರಾಚೆಯ ಹೊಸ ಮಾರುಕಟ್ಟೆಗೆ ಕಳಿಸಿ ದಾರಿ ಅಗಲ ಮಾಡುವುದು. ಅದೂ ಸುಮ್ಮನೆ ಓಡಿಸುವುದಲ್ಲ. ಅಲ್ಲಿ ಮೇಲೆ ಶೀಟು, ಕೆಳಗೆ ಸಿಮೆಂಟು, ನಲ್ಲಿ, ಕಕ್ಕಸು, ಎಲ್ಲದರ ನಕ್ಷೆಯನ್ನೂ ಅವನೇ ಅಡಿಪಟ್ಟಿ ಇಟ್ಟು ಬರೆದಿದ್ದ.

ಆ ಗೇಟಿನ ವಿಷಯ ನಮ್ಮ ಮನೆಗೆ ಹೊಸದಲ್ಲ. ಎರಡು ವರ್ಷದ ಕೆಳಗೆ ನಮ್ಮ ಮಾವನವರು ತೀರಿಕೊಂಡಾಗ ಅವರ ಶವದ ಪೆಟ್ಟಿಗೆ ಹೊತ್ತವರು ಬುಟ್ಟಿಗಳ ನಡುವೆ ದಾರಿ ಸಿಗದೆ ಬಿಸಿಲಿನಲ್ಲಿ ಎಷ್ಟೋ ಹೊತ್ತು ನಿಂತಿದ್ದರು. ಒಳಗೆ ಗಂಟೆ ಹೊಡೆಯುತ್ತಿತ್ತು, ಹೊರಗೆ ಯಾರೋ ದಂಟಿನ ಕಟ್ಟು ಆಚೆ ತಳ್ಳುತ್ತಿದ್ದರು. ಅತ್ತೆ ಅದನ್ನು ಮರೆತಿಲ್ಲ. ಹಾಗಾಗಿ ಭಾನುವಾರ ನಮ್ಮ ಪಾದ್ರಿ ಅಯ್ಯನವರು ಪುಲ್ಪಿಟ್ಟಿನಿಂದ, "ನಮ್ಮ ಸಹೋದರ ಸ್ವಾಮಿದಾಸರಿಗೆ ಜಯ ದೊರಕಲಿ" ಎಂದು ಪ್ರಾರ್ಥಿಸಿದಾಗ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದವರು ನಮ್ಮತ್ತೆ. ನಾನೂ ಎಂದೆ. ಮನಸಾರೆಯೇ ಎಂದೆ.

ಸೋಮವಾರ ಬೆಳಿಗ್ಗೆ ಎಸ್ತುವನ್ನು ಶಾಲೆಗೆ ಬಿಟ್ಟು ಚರ್ಚಿನ ಗೇಟಿನಲ್ಲಿ ಹೊಂಬಾಳಮ್ಮನ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತೆ. ಹದಿನೈದು ವರ್ಷದಿಂದ ಅವಳ ಹತ್ತಿರ ಸೊಪ್ಪು ಕೊಂಡಿದ್ದೇನೆ, ಒಂದು ದಿನವೂ ಕೂತಿರಲಿಲ್ಲ. ಚೀಟಿ ತೋರಿಸಿದೆ. ಅವಳಿಗೆ ಓದು ಬರುವುದಿಲ್ಲ. ಆದರೆ ತನ್ನ ಹೆಸರಿನ ಉದ್ದ ಗೊತ್ತಿತ್ತು. "ನಂದೇಯಾ?" ಎಂದು ನಕ್ಕಳು. ಬುಟ್ಟಿಯ ತಳದಿಂದ ಒಂದು ಸೀಬೆಹಣ್ಣು ತೆಗೆದು ಸೀರೆಗೆ ಒರೆಸಿ ಕೊಟ್ಟಳು. ಅದನ್ನು ಕಚ್ಚುತ್ತಾ, ನನಗೇನಾಯಿತೋ, ಬಾಯಿ ತಪ್ಪಿ ಕೇಳಿಬಿಟ್ಟೆ: "ಯಾರಿಗೆ ಹಾಕಲಿ ಹೊಂಬಾಳಮ್ಮ?"

ಪಕ್ಕದ ಬುಟ್ಟಿಯವಳು ತೂಕದ ಬಟ್ಟು ಎತ್ತಿದವಳು ಹಾಗೇ ನಿಂತು ನೋಡಿದಳು. ಹೊಂಬಾಳಮ್ಮ ಮಾತ್ರ ನಾನು ಎಡವಿದ್ದನ್ನು ಕಂಡೂ ಕಾಣದವಳ ಹಾಗೆ, "ಇದೇನ್ ಕೇಳಾ ಮಾತಾ ಬುಡವ್ವ. ನಿಮ್ಮಣ್ಣಂಗೇ ಹಾಕು. ಒಡವುಟ್ಟಿದೋನು" ಎಂದಳು. ಎರಡು ಕಟ್ಟು ಮೆಂತ್ಯ ಚೀಲಕ್ಕೆ ಹಾಕಿ ಮುಂದಿನ ಗಿರಾಕಿಯ ಕಡೆ ತಿರುಗಿದಳು.

ಅತ್ತೆಗೆ ಹೇಳಿದಾಗ ಅವರು ಕೈಮುಗಿದು ಮೇಲೆ ನೋಡಿದರು. "ಅವಳೇ ಬಾಯಿಬಿಟ್ಟು ಹೇಳಿದ ಮೇಲೆ ಮುಗೀತಲ್ಲ ಮಣಿ. ಇನ್ನೇನು ಮುಖ ಇಷ್ಟು ಉದ್ದ ಮಾಡ್ಕೊಂಡಿದೀಯ?"

"ನಾನು ಕೇಳಬಾರದ್ದು ಕೇಳಿದೆ ಅತ್ತೆ. ಅದಕ್ಕೆ ಅವಳು ಹೇಳಬಾರದ್ದು ಹೇಳಿದಳು."

"ಕೇಳಿದ್ದಾಯ್ತು, ಹೇಳಿದ್ದಾಯ್ತು. ನಮ್ಮವನೊಬ್ಬ ಆ ಕುರ್ಚಿ ಮೇಲೆ ಕೂರೋದನ್ನ ನೋಡಿ ನಾನು ಕಣ್ಣು ಮುಚ್ಚಬೇಕು, ಅಷ್ಟೆ."

ಸಂಜೆ ಚಪಾತಿಗೆ ಹಿಟ್ಟು ಕಲಸುತ್ತಿದ್ದೆ. ಎಸ್ತು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕಾಪಿ ಬರೆಯುತ್ತಿದ್ದಳು. ಅವಳಿಗೆ ಅಕ್ಷರ ದುಂಡಗಾಗಬೇಕಾದರೆ ನಡುವೆ ನಡುವೆ ಪ್ರಶ್ನೆ ಕೇಳಬೇಕು. "ಅಮ್ಮಾ, ಮಾವ ಸೋತ್ರೆ ದೇವರಿಗೆ ಬೇಜಾರಾಗುತ್ತಾ?" ಎಂದಳು. ಆಗಬಹುದು, ಮಾವನನ್ನು ಕಂಡರೆ ದೇವರಿಗೆ ಪ್ರೀತಿಯಲ್ಲವೇ ಎಂದೆ. "ಶೆಟ್ಟರು ಸೋತ್ರೆ?" ಅವರನ್ನು ಕಂಡರೂ ಪ್ರೀತಿ, ಆಗಲೂ ಆಗಬಹುದು ಎಂದೆ. ಅವಳು ಪೆನ್ಸಿಲ್ಲಿನ ಹಿಂಭಾಗ ಕಚ್ಚಿಕೊಂಡಳು. "ಮತ್ತೆ ಯೇಸುವಿನ ಚೀಟಿ ಯಾರ ಮನೆ ಡಬ್ಬಿಗೆ ಬಂದಿದೆ?"

ಅವರಿಗೆ ನಮ್ಮೂರಲ್ಲಿ ಮತ ಇಲ್ಲ ಕಂದಾ ಎನ್ನಲು ಹೊರಟವಳು ಅವಳ ಕಾಪಿ ಪುಸ್ತಕದ ಮೇಲೆ ಬಾಗಿದೆ. "ಬರಿ, 'ಳ' ಸೊಟ್ಟ ಆಗಿದೆ ನೋಡು" ಎಂದೆ.

ಮಾರನೆಯ ದಿನ ಅಯ್ಯನವರನ್ನು ಕಂಡೆ. ಅವರು ತಮ್ಮ ಮನೆಯ ಮುಂದೆ ಸೈಕಲ್ಲಿನ ಚೈನು ಸರಿಮಾಡುತ್ತಿದ್ದರು. ಕೈಯೆಲ್ಲ ಎಣ್ಣೆ. ಚೀಟಿಯವರ ಮಾತು ನಡೆಸಬೇಕೋ ಒಳಿತು ನೋಡಬೇಕೋ ಎಂದು ಕೇಳಿದೆ. ಅವರು ಆಚೀಚೆ ನೋಡಿ, ತಗ್ಗಿದ ದನಿಯಲ್ಲಿ, "ನನಗೆ ಬಂದಿರೋದು ಹೆಂಡದಂಗಡಿ ಮುದ್ದಯ್ಯನ ಚೀಟಿ" ಎಂದರು. ನನಗೆ ನಗು ಬಂತು. "ನಗಬೇಡಮ್ಮ. ನಾಲ್ಕು ದಿನದಿಂದ ಪ್ರಾರ್ಥನೆ ಮಾಡ್ತಿದೀನಿ, ಯಾರ ಹೆಸರು ಬರೀಲಿ ಅಂತ. ಅದಕ್ಕೆ ಮಾತ್ರ ಉತ್ತರ ಇಲ್ಲ. ಹೋಗಿ ಅವನ ಹತ್ತಿರ ಕೂತ್ಕೋ ಅನ್ನೋದೊಂದೇ ಬರ್ತಾ ಇದೆ. ಅದಕ್ಕೇ ಹೊರಟಿದ್ದೆ, ಚೈನು ಬಿತ್ತು."

"ಭಾನುವಾರ ಅಣ್ಣನಿಗೆ ಜಯ ಕೊಡು ಅಂತ ಕೇಳಿದ್ರಲ್ಲ ಅಯ್ಯನೋರೇ."

"ಕೇಳಿದೆ," ಎಂದು ಅವರು ಚೈನನ್ನು ಹಲ್ಲಿಗೆ ಕೂರಿಸಿದರು. "ಅವಸರ ಮಾಡಿದೆ ಅನ್ಸುತ್ತೆ."

ಆಮೇಲೆ ಮೂರು ಬೆಳಿಗ್ಗೆ ನಾನು ಹೊಂಬಾಳಮ್ಮನ ಹತ್ತಿರ ಹೋದೆ. ಏನನ್ನೂ ಕೇಳಲಿಲ್ಲ. ಬಾಳೆನಾರಿನಲ್ಲಿ ಸೊಪ್ಪಿನ ಕಟ್ಟು ಕಟ್ಟಿದೆ. ಮೊದಲ ದಿನ ನನ್ನ ಕಟ್ಟುಗಳೆಲ್ಲ ಬಿಚ್ಚಿಕೊಂಡವು. "ಜಡೆ ಎಣೀತಾ ಇದ್ದೀಯಾ? ಬಿಗಿ ಮಾಡವ್ವ" ಎಂದು ಅವಳು ನಕ್ಕಳು. ಆರೂವರೆಗೆ ನಮ್ಮೂರಿಗೇ ಸೇರಿದ ಅವಳ ಹಳ್ಳಿಯ ಬಸ್ಸು ಗೇಟಿನ ಎದುರೇ ನಿಲ್ಲುತ್ತದೆ. ಕಂಡಕ್ಟರ್ ಮೊದಲು ಬುಟ್ಟಿ ಇಳಿಸಿ, ಆಮೇಲೆ ಅವಳ ರಟ್ಟೆ ಹಿಡಿದು ಅವಳನ್ನು ಇಳಿಸುತ್ತಾನೆ. ಎಡಗಾಲು ಮಂಡಿಯಿಂದ ಮಡಚುವುದಿಲ್ಲ. ಅವಳು ಯಾವಾಗಲೂ ಕಾಲು ಚಾಚಿ ಕೂರುವುದನ್ನು ನೋಡಿದ್ದೆ, ಅದು ಅವಳ ಧಿಮಾಕು ಎಂದುಕೊಂಡಿದ್ದೆ. ನಮ್ಮ ಸಭೆಯಲ್ಲಿ ಯಾರ ಮನೆಯಲ್ಲಿ ಬಾಣಂತಿ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಒಲೆ ಹಚ್ಚಲಾರದಷ್ಟು ದುಃಖದಲ್ಲಿದ್ದಾರೆ ಎಂಬುದೆಲ್ಲ ಅಯ್ಯನವರಿಗಿಂತ ಮೊದಲು ಅವಳಿಗೆ ತಿಳಿಯುತ್ತದೆ, ಅವರು ಕೊಂಡ ಸೊಪ್ಪಿನಿಂದ, ಕೊಳ್ಳದ ಸೊಪ್ಪಿನಿಂದ.

ಮೂರನೆಯ ದಿನ ಅವಳೇ ಹೇಳಿದಳು. "ನಿಮ್ ಮಾವಯ್ಯಾರು ದಿನಾ ದಂಟು ತಗೊಳೋರು ಕಣವ್ವ. ಎಂಗಿದ್ದೀಯೆ ಒಂಬಾಳಿ ಅಂತ ಕೇಳೋರು. ಅವತ್ತು ಅವರ ಪೆಟ್ಟಿಗೆ ಬಂದಾಗ ಎದ್ದೇಳಕ್ಕೆ ನೋಡ್ದೆ. ಈ ಕಾಲು ಏಳ್ನಿಲ್ಲ. ಎಲ್ಲಾ ಬಯ್ದ್ರು. ಬಯ್ಲಿ. ಆ ಮಾರಾಯನ ಕಡೇ ದಾರೀಗೆ ನಾನೇ ಅಡ್ಡ ಕೂತ್ನಲ್ಲ ಅಂತ ಇವತ್ಗೂ ಒಟ್ಟೆ ಉರೀತದೆ. ಅದ್ಕೇ ನಿಮ್ಮಣ್ಣಂಗೆ ಹಾಕು ಅಂದಿದ್ದು. ದಾರಿ ಬುಟ್ಟುಕೊಟ್ಟಂಗಾಯ್ತದೆ."

"ಹೊಸ ಮಾರುಕಟ್ಟೆಗೆ ಹೋಗ್ತೀಯಲ್ಲ ಆಮೇಲೆ?" ಎಂದೆ.

"ಎಲ್ಲೋಗೋದಾತು. ಇಲ್ಲಿಳ್ದು ಇನ್ನೊಂದು ಬಸ್ಸು ಅತ್ತಬೇಕಂತೆ. ಆ ಬಸ್ನೋನು ಬುಟ್ಟಿ ಅತ್ತಿಸ್ಕೊಳಾಕಿಲ್ಲ. ಅಟ್ಟೀಲಿರ್ತೀನಿ ಬುಡು. ಸೊಸೆ ಒಂದೊತ್ತಿಗೆ ಇಕ್ತಾಳೆ." ಅವಳು ಒದ್ದೆ ಗೋಣಿಯನ್ನು ಸೊಪ್ಪಿನ ಮೇಲೆ ಎಳೆದು, "ಎದ್ದೋಗು, ನಿನ್ ಮಗೀಗೆ ಶಾಲೆ ಒತ್ತಾಯ್ತು" ಎಂದಳು.

ಚುನಾವಣೆಯ ಹಿಂದಿನ ದಿನ ಮಧ್ಯಾಹ್ನ ಅಣ್ಣ ಬಂದ. ಅತ್ತೆ ಅವನ ಗೆಲುವಿಗಾಗಿ ನಡೆಯುತ್ತಿದ್ದ ಹೆಂಗಸರ ಪ್ರಾರ್ಥನಾ ಕೂಟಕ್ಕೆ ಹೋಗಿದ್ದರು. ಊರೆಲ್ಲ ಸುತ್ತಿ ಅವನ ಚಪ್ಪಲಿ ಬೆಳ್ಳಗಾಗಿತ್ತು, ದನಿ ಒಡೆದಿತ್ತು. ಮಣೆ ಎಳೆದುಕೊಂಡು ಅಡುಗೆಮನೆಯಲ್ಲೇ ಕೂತು, ಜೇಬಿನಿಂದ ಚೀಟಿ ತೆಗೆದು ಲಟ್ಟಣಿಗೆಯ ಪಕ್ಕ ಇಟ್ಟ. "ಯಾರದು ಓದು." ಅದರ ಮೇಲೆ ನನ್ನ ಹೆಸರಿತ್ತು. ದೀನಮಣಿ.

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಚಿಕ್ಕಂದಿನಲ್ಲಿ ಅಮ್ಮ ಎರಡು ಕೋಡುಬಳೆ ಕೊಟ್ಟರೆ ನನ್ನದನ್ನು ಅವನು, ಅವನದನ್ನು ನಾನು ಹಿಡಿದು ಕಾಯುತ್ತಿದ್ದೆವು, ಯಾರೂ ಮೊದಲು ತಿನ್ನಬಾರದೆಂದು. "ಸರಿ, ಪದ್ಧತಿ ಪ್ರಕಾರ ಕೇಳ್ತೀನಿ," ಎಂದು ಅವನು ತರಗತಿಯ ಮುಂದೆ ನಿಂತವನ ಹಾಗೆ ಗಂಟಲು ಸರಿಮಾಡಿಕೊಂಡ. "ನಿನಗೆ ಏನು ಬೇಕು ಮಣಿ?"

ನಾನು ಒಲೆ ಆರಿಸಿದೆ. "ಅಣ್ಣ, ನನ್ನ ಹತ್ರ ಹೊಂಬಾಳಮ್ಮನ ಚೀಟಿ ಇದೆ. ನಾಳೆ ಅದರ ಮೇಲೆ ಶೆಟ್ಟರ ಹೆಸರು ಬರೀತೀನಿ."

ಅವನು ಇನ್ನೂ ನಗುತ್ತಲೇ ಇದ್ದ. ನಗು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. "ತಮಾಷೆ ಮಾಡ್ತಿದೀಯಾ?"

"ಇಲ್ಲ. ನೀನು ಬೇರೆಯವರಿಂದ ಕೇಳೋದು ಬೇಡ ಅಂತ ಹೇಳ್ದೆ."

"ಆ ಶೆಟ್ಟಿ ಹತ್ತು ವರ್ಷದಲ್ಲಿ ಒಂದು ದೀಪದ ಕಂಬ ನೆಡಿಸಿಲ್ಲ. ನಾನು ಕಳ್ಳನಾ? ಸುಳ್ಳು ಹೇಳ್ತೀನಾ? ಮೊದಲ ಸಲ ನಮ್ಮವನೊಬ್ಬ ನಿಂತಿದಾನೆ, ಇಡೀ ಸಭೆ ಮಂಡಿಯೂರಿದೆ, ನನ್ನ ತಂಗೀನೇ..."

"ನೀನು ಒಳ್ಳೆಯವನು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನ ಮತ ನನ್ನ ಕೈಲಿದ್ದಿದ್ರೆ ಕಣ್ಣು ಮುಚ್ಚಿ ನಿನಗೇ ಹಾಕ್ತಿದ್ದೆ. ಇದು ನನ್ನದಲ್ವಲ್ಲ."

"ಅವಳಿಗೆ ಶೀಟು ಹಾಕಿಸ್ತಿದೀನಿ. ನಲ್ಲಿ ಕೊಡ್ತಿದೀನಿ. ನಕ್ಷೆ ನೋಡಿದೀಯಲ್ಲ."

"ನೋಡ್ದೆ. ಬಸ್ಸು ಎಲ್ಲಿ ನಿಲ್ಲುತ್ತೆ ಅದರಲ್ಲಿ?"

ಅಣ್ಣ ಎಡಗಣ್ಣು ಸಣ್ಣ ಮಾಡಿದ. ಲೆಕ್ಕ ತಪ್ಪಿದಾಗ ಅವನು ಹಾಗೆ ಮಾಡುತ್ತಾನೆ. ನಾನು ಆ ಬಸ್ಸು, ಕಂಡಕ್ಟರ್, ಮಡಚದ ಕಾಲು, ಒಂದೊತ್ತಿನ ಊಟ ಎಲ್ಲ ಹೇಳಿದೆ. ಮಾವನವರ ಪೆಟ್ಟಿಗೆಯ ಮಾತನ್ನೂ ಹೇಳಿದೆ. ಅವನು ನೆಲ ನೋಡುತ್ತಾ ಕೇಳಿದ. ಕೊನೆಗೆ, "ಅದೆಲ್ಲ ಅವಳಿಗೆ ಬೇಕಾದ್ದು. ನಾನು ಕೇಳಿದ್ದು ನಿನಗೇನು ಬೇಕು ಅಂತ" ಎಂದ.

ನಾನು ಯೋಚಿಸಿದೆ. ನನಗೆ ಹಿತ್ತಲಿಗೆ ಒಂದು ಬಾಗಿಲು ಬೇಕಿತ್ತು, ಎಸ್ತುವಿಗೆ ಹೊಸ ಕನ್ನಡಕ ಬೇಕಿತ್ತು, ಅಣ್ಣ ಗೆದ್ದು ಹಾರ ಹಾಕಿಸಿಕೊಂಡು ನಮ್ಮ ಬೀದಿಯಲ್ಲಿ ಬರುವುದು ಬೇಕಿತ್ತು. ಒಂದೊಂದನ್ನೇ ಎತ್ತಿ ನೋಡಿದೆ. "ಅವಳು ಅಲ್ಲೇ ಕೂತಿರಬೇಕು ಅನ್ನೋದು ಈಗ ನನ್ನದೂ ಆಗಿಬಿಟ್ಟಿದೆ ಅಣ್ಣ. ಬೇರೆ ಮಾಡಕ್ಕೆ ಬರ್ತಿಲ್ಲ."

ಅವನು ಚೀಟಿ ಎತ್ತಿ ಜೇಬಿಗೆ ಹಾಕಿಕೊಂಡು ಎದ್ದ. ಅತ್ತಿಗೆಗೆಂದು ಹಾಕಿಟ್ಟಿದ್ದ ಪಲ್ಯದ ಡಬ್ಬಿಯನ್ನು ಮುಖ ತಿರುಗಿಸಿಯೇ ಕೈಗೆ ತೆಗೆದುಕೊಂಡ. ಹೋಗಿ ಬರುತ್ತೇನೆ ಎನ್ನಲಿಲ್ಲ. ಅವನು ಬೀದಿ ತಿರುಗುವವರೆಗೂ ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ಒಲೆ ಹಚ್ಚಬೇಕಿತ್ತು, ಹಚ್ಚಿದೆ. ನನ್ನ ಚೀಟಿ ಅಣ್ಣನ ಹತ್ತಿರ ಇರುವುದನ್ನು ನಾನು ಯಾರಿಗೂ ಹೇಳಲಿಲ್ಲ.

ಮರುದಿನ ಪರದೆಯ ಹಿಂದೆ ಪೆನ್ಸಿಲ್ ಹಿಡಿದಾಗ ನನಗೆ ಯಾವ ದೊಡ್ಡ ಧೈರ್ಯವೂ ಬರಲಿಲ್ಲ. ಕರ್ತನೇ, ನನ್ನ ಅಣ್ಣನನ್ನು ನೋಡಿಕೋ ಎಂದು ಮನಸ್ಸಿನಲ್ಲಿ ಹೇಳಿ, ಹೊಂಬಾಳಮ್ಮನ ಹೆಸರಿನ ಕೆಳಗೆ ಮಾದಪ್ಪಶೆಟ್ಟರು ಎಂದು ಬರೆದೆ. ಒತ್ತಿ ಬರೆದದ್ದಕ್ಕೆ ಪೆನ್ಸಿಲ್ ಮೊನೆ ಮುರಿಯಿತು.

ಎಣಿಕೆ ಶನಿವಾರ ಬೆಳಿಗ್ಗೆ. ನಮ್ಮಲ್ಲಿ ಚೀಟಿಗಳನ್ನು ಪುರಭವನದಲ್ಲಿ ಗಟ್ಟಿಯಾಗಿ ಓದುತ್ತಾರೆ: ಮತ ಯಾರದು, ಬರೆದ ಹೆಸರು ಯಾವುದು. ಬರೆದವರು ಯಾರೆಂದು ಓದುವುದಿಲ್ಲ. ಅಣ್ಣ ಮತ್ತು ಶೆಟ್ಟರು ಮುಂದಿನ ಬೆಂಚಿನಲ್ಲಿ ಅಕ್ಕಪಕ್ಕ ಕೂತಿದ್ದರು. ನಾನು, ಅತ್ತೆ, ಎಸ್ತು ನಡುವಿನ ಸಾಲಿನಲ್ಲಿ. ಹೊಂಬಾಳಮ್ಮ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಬಂದು ನನ್ನ ಮಗ್ಗುಲಲ್ಲಿ ಕಾಲು ಚಾಚಿ ಕೂತಳು. ಮುದ್ದಯ್ಯನ ಮತ ಓದಿದಾಗ ಅಯ್ಯನವರು ಕೆಮ್ಮಿದರು. ಯಾವ ಹೆಸರೆಂದು ನಾನಿಲ್ಲಿ ಬರೆಯುವುದಿಲ್ಲ, ಯಾಕೆ ಬರೆದರೆಂದು ಅವರ ಮನಸ್ಸಿಗೆ ಗೊತ್ತು.

"ಹೊಂಬಾಳಮ್ಮ. ಮಾದಪ್ಪಶೆಟ್ಟರು."

ಅತ್ತೆಯ ಕತ್ತು ನನ್ನ ಕಡೆ ತಿರುಗುವುದು ನೋಡದೆಯೂ ತಿಳಿಯಿತು. ಈ ಕಡೆಯಿಂದ ಹೊಂಬಾಳಮ್ಮ, "ನಾ ಏಳಿದ್ದೇನು, ನೀ ಮಾಡಿದ್ದೇನು?" ಎಂದು ಪಿಸುಗುಟ್ಟಿದಳು. ಗದರುವ ದನಿಯೇ. ಆದರೆ ಅವಳ ಒದ್ದೆ ಕೈ ನನ್ನ ಮೊಣಕೈ ಹಿಡಿದದ್ದು ಬಿಡಲಿಲ್ಲ. ಅತ್ತೆ ಮನೆಗೆ ಹೋದ ಮೇಲೆ ಮಾತಾಡುತ್ತೇನೆ ಎನ್ನುವ ಹಾಗೆ ಸೆರಗು ಬಿಗಿದುಕೊಂಡರು.

ಚೀಟಿಗಳು ಓಡಿದವು. ಕೊನೆಯ ಕಟ್ಟು ಬಿಚ್ಚುವಾಗ ಇಬ್ಬರೂ ಸಮಸಮ ಇದ್ದಾರೆ ಎಂದು ಎಲ್ಲರೂ ಬೆರಳು ಮಡಚುತ್ತಿದ್ದರು. ಆಗ ನನ್ನ ಹೆಸರು ಬಂತು.

"ದೀನಮಣಿ. ಮಾದಪ್ಪಶೆಟ್ಟರು."

ಶೆಟ್ಟರು ಅಚ್ಚರಿಯಿಂದ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. ಅಣ್ಣ ತಿರುಗಲಿಲ್ಲ. ಅವನ ಕುತ್ತಿಗೆಯ ಹಿಂದೆ, ಚಿಕ್ಕಂದಿನಲ್ಲಿ ಅಮ್ಮ ಸೀಗೆಪುಡಿ ಹಾಕಿ ಉಜ್ಜುತ್ತಿದ್ದ ಜಾಗ ಕೆಂಪಾಗಿತ್ತು. ಅತ್ತೆಗೆ ತಡೆಯಲಾಗಲಿಲ್ಲ. "ಅಣ್ಣ ನಿಂತಿರುವಾಗ ತಂಗಿ ಮತ ಶೆಟ್ಟಿಗೆ ಹಾಕೋ ಅಷ್ಟು ಕಲ್ಲೆದೆ ಯಾರದೇ? ಯಾವ ಪಾಪಿ ಕೈಲಿತ್ತೇ ನಿನ್ನ ಚೀಟಿ?"

"ಅಣ್ಣನ ಕೈಲಿ ಅತ್ತೆ."

ಆಮೇಲೆ ಉಳಿದ ಚೀಟಿಗಳನ್ನು ಓದುವಷ್ಟು ಹೊತ್ತೂ ಅತ್ತೆ ನನ್ನಣ್ಣನ ಬೆನ್ನನ್ನೇ ನೋಡುತ್ತಿದ್ದರು. ಅವನು ಮೂರು ಮತಗಳಲ್ಲಿ ಸೋತ.

ಶೆಟ್ಟರ ಕೈ ಕುಲುಕಿ, ಅವರಿಗೆ ಹಾರ ಹಾಕುವವರೆಗೂ ನಿಂತು, ಅಣ್ಣ ನೆಟ್ಟಗೆ ನಮ್ಮ ಜೊತೆ ಮನೆಗೆ ಬಂದ. ದಾರಿಯುದ್ದಕ್ಕೂ ಎಸ್ತು ಅವನ ಕಿರುಬೆರಳು ಹಿಡಿದು ನಡೆದಳು. ಕೈತೊಳೆದು ಬಂದು, "ಏನಿದೆ?" ಎಂದ. ಹುರುಳಿ ಸಾರು, ಮುದ್ದೆ ಎಂದೆ. ತಟ್ಟೆಯ ಮುಂದೆ ಕೂತು, ಬೆರಳಿನಿಂದ ಮುದ್ದೆಯ ಮೇಲೆ ಗೆರೆ ಎಳೆಯುತ್ತಾ ಲೆಕ್ಕ ಹೇಳಿದ. "ಮೂರು. ನಿನ್ನದೊಂದು, ಹೊಂಬಾಳಮ್ಮನದೊಂದು ಈ ಕಡೆ ಬಿದ್ದಿದ್ರೆ ಒಂದರಲ್ಲಿ ಗೆಲ್ತಿದ್ದೆ."

"ಬೇಜಾರಾಗಿದೆಯಾ ಅಣ್ಣ?"

"ಆಗದೇ ಇರುತ್ತಾ?" ಎಂದ. "ಸಾರು ಹಾಕು."

ನಾನು ಸೌಟು ಎತ್ತುವಷ್ಟರಲ್ಲಿ ಅತ್ತೆ ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು. ಪಾತ್ರೆಯ ತಳ ಮುಟ್ಟುವ ಹಾಗೆ ಸೌಟು ಇಳಿಸಿ, ಕಲಕಿ, ಗಟ್ಟಿ ಕಾಳನ್ನೆಲ್ಲ ಎತ್ತಿ ಅವನ ತಟ್ಟೆಗೆ ಹಾಕಿದರು.